ಆಪಾರ ಮನೆಯ ಹೊಸ ಹಾವು

ಹಾವಿಗೆ ವಿಷವಿಲ್ಲ, ಹೆದರಿದರೆ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಪಶ್ಚಿಮ ಆಫ್ರಿಕಾ ಮೂಲದ ಈ ಬಾಲ್ ಪೈಥಾನ್ ಈಗ ವಿಮಾನಪುರದಲ್ಲಿ ನಮ್ಮ ಆಪಾರ ಮನೆಯಲ್ಲಿದೆ. ತಂದವನು ಅವರ ಮಗ.

“ಕಾಗದ ಇದೆಯೇನಪ್ಪಾ?” ಎಂದೇ ನಾನು ಮೊದಲು ಕೇಳಿದ್ದು. 2023ರ ಸೆಪ್ಟೆಂಬರ್‌ನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಚೀಲದಲ್ಲಿ ಇದೇ ಜಾತಿಯ 55 ಹಾವುಗಳು ಸಿಕ್ಕಿದ್ದವು. ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. ಅಂತಹ ಚೀಲದ ಪ್ರಾಣಿ ನಮ್ಮ ಮನೆಗೆ ಬೇಡ.

“ನೋಂದಣಿ ಆಗಿದೆ ಮಾಮು” ಎಂದು ತೋರಿಸಿದ. ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯಂತೆ ಅದು ಕೈ ಬದಲಾದರೂ ಸತ್ತರೂ ತಿಳಿಸಬೇಕು.

ಮೊದಲ ವಾರ ಯಾರೂ ಮುಟ್ಟಲಿಲ್ಲ. ಅದಕ್ಕೆ ಬೇಕಾದದ್ದು ಇಕ್ಕಟ್ಟಾದ ಕತ್ತಲೆಯ ಗೂಡು, ನೀರು, ಶಾಖ. ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ, ಇನ್ನೊಂದು 26ರ ಆಸುಪಾಸು. ಡಿಸೆಂಬರ್‌ನ ನಮ್ಮ ರಾತ್ರಿ ಅದಕ್ಕೆ ತಡೆಯದು. ಕರೆಂಟ್ ಹೋದಾಗ ಹುಡುಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿಟ್ಟು ಎಚ್ಚರವಾಗಿ ಕೂತಿದ್ದ.

ಮೂರು ವಾರ ಅದು ಏನನ್ನೂ ತಿನ್ನಲಿಲ್ಲ. ತಿಂಗಳುಗಟ್ಟಲೆ ಉಪವಾಸವಿರಬಲ್ಲ ಜಾತಿಯಂತೆ. “ಇದಕ್ಕೆ ವರ್ಷವಿಡೀ ರಮಝಾನ್” ಎಂದು ಆಪಾ ನಕ್ಕರೂ ಒಳಗೆ ದಿಗಿಲು. ಬೆಕ್ಕನ್ನು ಕಟ್ಟಿಹಾಕಿ, ಉಣಿಸದೆ ಕೊಂದ ಹೆಂಗಸಿನ ಹದೀಸ್ ಅವರಿಗೆ ನೆನಪಿದೆ. ನಾಲ್ಕನೆಯ ವಾರ ಇಲಿ ನುಂಗಿತು. ಆಮೇಲೆ ಎರಡು ದಿನ ಎತ್ತಲಿಲ್ಲ, ಎತ್ತಿದರೆ ಕಕ್ಕುತ್ತದೆ.

ನನ್ನ ಚಿಂತೆ ಬೇರೆ. ಇದು 30 ವರ್ಷವೂ ಬದುಕೀತು. ಹುಡುಗನಿಗೆ ಕೊಲ್ಲಿಯಲ್ಲಿ ಕೆಲಸ ಸಿಕ್ಕರೆ? ಕಾಡಿಗೆ ಬಿಡುವಂತಿಲ್ಲ. ಕೇಳಿದೆ. ಅವನು ಅಮ್ಮನ ಮುಖ ನೋಡಿದ. ಇಲಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ಆಪಾ ಇನ್ನೂ ಒಪ್ಪಿಲ್ಲ.