ಬಾದಾಮಿಯ ಬಣ್ಣಗಾರರಿಗೆ

ಗುರುಗಳೇ,

ನಿಮ್ಮ ಹೆಸರು ಗೊತ್ತಿಲ್ಲದ್ದಕ್ಕೆ ಹೀಗೆ ಕರೆಯುತ್ತಿದ್ದೇನೆ. ಕಲ್ಲು ಕಡಿದವರಲ್ಲಿ ಕೆಲವರ ಹೆಸರಾದರೂ ಬಾದಾಮಿಯ ಬಂಡೆಗಳ ಮೇಲೆ ಉಳಿದಿದೆ. ಕೋಳಿಮಂಚಿ, ಸಿಂಗಮಂಚಿ ಎಂದು ಹೇಳಿಕೊಟ್ಟರೆ ಮಕ್ಕಳು ದಾರಿಯುದ್ದಕ್ಕೂ ಕೂಗಿಕೊಂಡು ಬರುತ್ತಾರೆ. ಅಲ್ಲಿನ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನವಿದೆ: ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಅದೇ ಗುಹೆಯ ಬಾಗಿದ ಕಪೋತದ, ಅಂದರೆ ಮುಂಚಾಚಿದ ಸೂರಿನ, ಒಳಮೈಗೆ ಗಾರೆ ಹಚ್ಚಿ ಚಿತ್ರ ಬರೆದ ನೀವು ಮಾತ್ರ ಎಲ್ಲೂ ಇಲ್ಲ. ನಿಮ್ಮ ಚಿತ್ರವೂ ಹೆಚ್ಚುಕಡಿಮೆ ಹೋದಂತೆಯೇ.

ನಾನು ಹಳ್ಳಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಈ ಸಲದ ಪ್ರವಾಸ ನಿಮ್ಮಲ್ಲಿಗೇ ಎಂದು ಜೂನ್‌ನಲ್ಲೇ ನಿಕ್ಕಿ ಮಾಡಿ, ವರ್ಷದ ಕೆಲಸವನ್ನೆಲ್ಲ ಅದಕ್ಕೆ ಹೊಂದಿಸಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎತ್ತು, ಆಷಾಢದಲ್ಲಿ ಮಣ್ಣಿನ ಗುಳ್ಳವ್ವ ಮಾಡಿದರು. ಅದರಲ್ಲಿ ನಾನು ಕಲಿಸುವಂಥದ್ದೇನೂ ಇರಲಿಲ್ಲ, ಅವರ ಬೆರಳಿಗೇ ಅದು ಗೊತ್ತು. ಪ್ರತಿಭಾ ಕಾರಂಜಿ ಬಂತು, ಹೋಯಿತು. ದಸರಾ ರಜೆ ಮುಗಿದ ಮೇಲೆ ಬಣ್ಣಕ್ಕೆ ಕೈಹಾಕಿದೆವು. ಕೆಮ್ಮಣ್ಣನ್ನು ಅರೆದು, ಹಳೇ ಪಂಜೆಯಲ್ಲಿ ಸೋಸಿ, ಜಾಲಿ ಅಂಟು ಕಲಸಿ, ಸುಣ್ಣ ಬಳಿದ ಹೆಂಚಿನ ತುಂಡುಗಳ ಮೇಲೆ ಬರೆದರು. ಹಸಿಯಿದ್ದಾಗ ಕಡುಗೆಂಪಾಗಿ ಮೆರೆದ ಬಣ್ಣ ಒಣಗಿದ ಮೇಲೆ ಸಪ್ಪಗಾಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದೇ ಜಾಗಕ್ಕೆ ಮತ್ತೆ ಮತ್ತೆ ತೆಳ್ಳಗೆ ಬಳಿದು, ಒಣಗಿದ ಮೇಲೂ ಕೆಂಪು ನಿಲ್ಲುವವರೆಗೆ ಬಿಡಲಿಲ್ಲ.

ಆಮೇಲೆ ಡೆಸ್ಕುಗಳ ಅಡಿಗೆ ಡ್ರಾಯಿಂಗ್ ಹಾಳೆ ಅಂಟಿಸಿ, ಕೆಳಗೆ ಅಂಗಾತ ಮಲಗಿ ಬರೆಯಲು ಹೇಳಿದೆ. ಬಣ್ಣ ಕುಂಚದಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಇಳಿಯಿತು. ಕತ್ತು ನೋಯುತ್ತದೆ ಅಂದರು. ಗೆರೆ ಸೊಟ್ಟಗಾಗುತ್ತದೆ ಅಂದರು. ಆದರೂ ಯಾರೂ ಎದ್ದು ಬರಲಿಲ್ಲ.

ಪರೀಕ್ಷೆ ಹತ್ತಿರವಾದಂತೆ ಮೊದಲು ಕೈಬಿಡುವುದು ಡ್ರಾಯಿಂಗ್ ಪಿರಿಯಡ್ಡನ್ನೇ. ನಾನದನ್ನು ಒಪ್ಪುವುದಿಲ್ಲ. ಕೈ ಪಳಗದೆ ಹೊರಟರೆ ಪ್ರವಾಸ ಬರೀ ಬಸ್ಸಿನ ಓಡಾಟವಾಗುತ್ತದೆ. ಮಕ್ಕಳು ಮಂಗಗಳನ್ನು ನೋಡಿ, ಫೋಟೊ ತೆಗೆಸಿಕೊಂಡು ವಾಪಸು ಬರುತ್ತಾರೆ.

ಡಿಸೆಂಬರಿನಲ್ಲಿ ಬಂದೆವು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ತಾವೂ ಕೈ ತಿರುಗಿಸಿ ಕುಣಿದರು. ಮೂರನೆಯದರಲ್ಲಿ ತಲೆಯೆತ್ತಿ ನಿಲ್ಲಿರಿ ಎಂದೆ. ಮೊದಲು ಕಂಡದ್ದು ಬರೀ ಕಂದು ಕಲೆಗಳು. ಕಣ್ಣು ಹೊಂದಿಕೊಂಡಂತೆ ಒಂದು ಭುಜ, ಒಂದು ಮುಖದ ಅಂಚು ಸಿಕ್ಕವು. ಅರಮನೆಯ ಒಡ್ಡೋಲಗದ ನಡುವೆ ಕೂತವನನ್ನು ಇಂದ್ರನೆಂದವರಿದ್ದಾರೆ, ಮಂಗಳೇಶನ ಅಣ್ಣ ಕೀರ್ತಿವರ್ಮನೆಂದವರೂ ಇದ್ದಾರೆ. ಅದನ್ನು ಹೇಳುತ್ತಿದ್ದೆ. ಅಷ್ಟರಲ್ಲಿ ಕೆಂಪಿಗಾಗಿ ಹಟ ಹಿಡಿದಿದ್ದ ಆ ಹುಡುಗಿ, “ಸರ, ಇವ್ರ ಬಣ್ಣ ಒಂಚೂರೂ ಸೋರಿಲ್ಲ ನೋಡ್ರಿ” ಅಂದಳು. ಅಷ್ಟೂ ಮಕ್ಕಳು ತಮ್ಮ ತಮ್ಮ ಮೊಣಕೈ ಮುಟ್ಟಿಕೊಂಡರು.

ಗುರುಗಳೇ, ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ನಿಮ್ಮ ಕೈಚಳಕವನ್ನು ಆ ಕ್ಷಣ ಇವರು ಗುರುತಿಸಿದರು. ನೀವು ಬರೆದದ್ದರಲ್ಲಿ ಉಳಿದಿರುವುದು ಚೂರುಪಾರು. ಆ ಚೂರು ಅವರಿಗೆ ಸಾಕಾಯಿತು. ನನ್ನ ನೌಕರಿಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಬೇಡುವುದಿಲ್ಲ.

ಬಸ್ಸಿನಲ್ಲಿ ಮಕ್ಕಳು ನಿಮಗೆಂದು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದಾರೆ. ಕೆಂಪನ್ನು ಯಾವ ಗುಡ್ಡದಿಂದ ತಂದಿರಿ? ಗಾರೆಗೆ ಏನು ಬೆರೆಸಿದಿರಿ? ಮೇಲೆ ಹತ್ತಲು ಅಟ್ಟಣಿಗೆ ಕಟ್ಟಿದ್ದಿರೇನು? ನಿಮ್ಮ ಜೊತೆ ಬಣ್ಣ ಅರೆಯಲು ನಮ್ಮ ವಯಸ್ಸಿನವರು ಇದ್ದರೇನು? ಊಟ ಯಾರು ತರುತ್ತಿದ್ದರು? ಹಾಳೆಯ ಹಿಂದೆ ಪ್ರತಿಯೊಬ್ಬರೂ ತಮ್ಮ ಹೆಸರು ಬರೆದಿದ್ದಾರೆ, ದಪ್ಪ ಅಕ್ಷರದಲ್ಲಿ.

ಇಂತಿ ನಮಸ್ಕಾರಗಳು,
ಒಬ್ಬ ಡ್ರಾಯಿಂಗ್ ಮಾಸ್ತರ