ತಾಳಿದವರಿಗೆ ಒಂದು ದ್ವೀಪ

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಕಟ್ಟಿದಾಗ ನಮ್ಮ ಹಿರಿಯರ ಮನಸ್ಸಿನಲ್ಲಿ ಕಾಲುಗಳ ತಾಳಿಕೆ ಖಂಡಿತ ಇದ್ದಿರಲಾರದು. ಅವರು ತಾಳಬೇಕಾಗಿದ್ದುದು ಬರಗಾಲವನ್ನು, ಸಾಲ ಕೊಟ್ಟವರನ್ನು, ಬಂದು ಹೋಗದ ನೆಂಟರನ್ನು. ದುಡ್ಡು ಕೊಟ್ಟು ಹೆಸರು ಬರೆಸಿ, ಬೆಳಗಿನ ಜಾವಕ್ಕೆ ಎದ್ದು, ಯಾರೂ ಅಟ್ಟಿಸಿಕೊಂಡು ಬಾರದಿದ್ದರೂ ಹತ್ತು ಕಿಲೋಮೀಟರು ಓಡುವುದೂ ಒಂದು ತಾಳ್ಮೆಯೇ ಎಂದು ಯಾರಾದರೂ ಹೇಳಿದ್ದರೆ, ಹೇಳಿದವನ ತಲೆಗೆ ನಿಂಬೆಹಣ್ಣು ತಿಕ್ಕಿಸುತ್ತಿದ್ದರು.

ನಾನಾದರೂ ಇದಕ್ಕೆ ಇಷ್ಟಪಟ್ಟು ಬಿದ್ದವನಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ನನಗೆ ಇರುವ ವ್ಯಾಯಾಮವೆಂದರೆ ಕುರ್ಚಿಯಿಂದ ಬೀರುವಿನವರೆಗೆ ಹೋಗಿ ಬರುವುದು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಗಡಿಯ ಮೇಲೆ ನಿಂತಿದ್ದಿತು. ವೈದ್ಯರು ‘ನಡೆಯಿರಿ’ ಎಂದರು. ಡಿಪ್ಲೊಮಾ ಓದುತ್ತಿದ್ದ ನನ್ನ ಮಗ, ‘ನಡೆಯೋದೇನು ಅಪ್ಪ, ಎಪ್ರಿಲ್‌ನಲ್ಲಿ ಹತ್ತು ಕಿಲೋಮೀಟರ್ ಓಟ ಇದೆ, ಇಬ್ಬರೂ ಹೆಸರು ಕೊಡೋಣ’ ಎಂದ. ನಮ್ಮೂರಿನಲ್ಲಿ 2008ರಿಂದ ನಡೆಯುತ್ತ ಬಂದಿರುವ ದೊಡ್ಡ ಓಟ ಅದು. ದೇಶ ವಿದೇಶಗಳ ಓಟಗಾರರೂ ನಮ್ಮಂಥ ಸಾವಿರಾರು ಮಂದಿಯೂ ಅದರಲ್ಲಿ ಓಡುತ್ತಾರೆ. ಮ್ಯಾರಥಾನ್ ಓಟದ ಮುಂದೆ ಅದು ಕಾಲು ಭಾಗವೂ ಅಲ್ಲ. ಮ್ಯಾರಥಾನ್ ದೂರ 42 ಕಿಲೋಮೀಟರು 195 ಮೀಟರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ರಾಜಮನೆತನದವರ ಆಸನದ ಮುಂದೆ ಮುಗಿಯುವಂತೆ ಅಳೆದ ದೂರವೇ ಮುಂದೆ ಶಾಶ್ವತವಾಯಿತು. ದೊರೆಗಳ ಅನುಕೂಲಕ್ಕಾಗಿ ಪ್ರಜೆಗಳು ಇಂದಿಗೂ ಬೆವರುತ್ತಿದ್ದಾರೆ ಎಂದು ತಿಳಿದು ನನ್ನ ಕಾಲುಗಳಿಗೆ ಸ್ವಲ್ಪ ಸಮಾಧಾನವಾಯಿತು.

2025ರ ಜನವರಿಯಿಂದ ಹದಿನಾರು ವಾರ ತಾಲೀಮು ನಡೆಯಿತು. ವಾರಕ್ಕೆ ಮೂರು ದಿನ. ಭಾನುವಾರದಂದು ಉದ್ದದ ಓಟ. ಮೊದಲು ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಆಮೇಲೆ ಓಟ ಬೆಳೆಯುತ್ತ, ನಡಿಗೆ ಕರಗುತ್ತ ಹೋಗಬೇಕು. ಈ ವಿದ್ಯೆಯ ಗುಟ್ಟು ವೇಗದಲ್ಲಿಲ್ಲ, ನಿಧಾನದಲ್ಲಿದೆ ಎಂಬುದು ನನಗೆ ಬಹಳ ಹಿಡಿಸಿತು. ನಿಧಾನವಾಗಿ ಬಹಳ ಹೊತ್ತು ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆಯಂತೆ. ಸ್ನಾಯುಗಳ ನಡುವೆ ಕೂದಲಿನಂಥ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆಯಂತೆ. ಕೊಬ್ಬನ್ನು ಸೌದೆಯಂತೆ ಉರಿಸುವ ಅಭ್ಯಾಸ ದೇಹಕ್ಕೆ ಬರುತ್ತದೆಯಂತೆ. ಇದಕ್ಕೆ ಒಂದೇ ಅಳತೆಗೋಲು: ಓಡುತ್ತಿರುವಾಗ ಪಕ್ಕದವನೊಡನೆ ಮಾತನಾಡಲು ಆಗಬೇಕು, ಮಾತು ಕಡಿದರೆ ವೇಗ ಹೆಚ್ಚಾಯಿತೆಂದು ಅರ್ಥ.

ಇಲ್ಲಿಯೇ ತೊಡಕು ಬಂದದ್ದು. ನಾನೂ ನನ್ನ ಮಗನೂ ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು. ಅವುಗಳಲ್ಲಿ ಎಂಟು ‘ಊಟ ಆಯ್ತಾ’ ಎಂಬ ಜಾತಿಯವು. ಈಗ ಶಾಸ್ತ್ರವೇ ಮಾತನಾಡು ಎಂದು ಆಜ್ಞೆ ಮಾಡಿಬಿಟ್ಟಿತು. ಮೊದಲ ವಾರ ಮೆಟ್ರೋ ಕಂಬಗಳ ಮೇಲಿನ ಸಂಖ್ಯೆಗಳನ್ನೇ ಒಬ್ಬರಿಗೊಬ್ಬರು ಓದಿ ಹೇಳಿದೆವು. ಎರಡನೆಯ ವಾರ ಬೀದಿನಾಯಿಗಳ ಸ್ವಭಾವ. ಐದನೆಯ ವಾರದ ಹೊತ್ತಿಗೆ ಅವನಿಗೆ ಲೇತು ಯಂತ್ರದ ಮುಂದೆ ನಿಲ್ಲುವುದು ಪುಸ್ತಕದ ಮುಂದೆ ಕೂರುವುದಕ್ಕಿಂತ ಇಷ್ಟವೆಂಬುದು ನನಗೆ ತಿಳಿಯಿತು. ಒಂದೇ ಸೂರಿನ ಕೆಳಗೆ ಇದ್ದು ಇದು ತಿಳಿಯಲು ನಾನು ಜಾಲಹಳ್ಳಿ ಅಡ್ಡರಸ್ತೆಯವರೆಗೆ ಓಡಬೇಕಾಯಿತು.

ಓಡುವುದಕ್ಕೆ ಪೀಣ್ಯದಂಥ ಜಾಗವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ವೈಟ್‌ಫೀಲ್ಡಿನ ಕಡೆಯ ಓಟಗಾರರಿಗೆ ಬಣ್ಣದ ಬನಿಯನ್ನು, ಸಂಘ, ನೀರು ಹಿಡಿದು ನಿಲ್ಲುವ ಗೆಳೆಯರು ಎಲ್ಲ ಇದ್ದಾರೆ. ನಮಗೆ ಇದ್ದುದು ಸಾಲಾಗಿ ನಿಂತ ಲಾರಿಗಳು, ಕಬ್ಬಿಣ ಕೊರೆವ ಎಣ್ಣೆಯ ವಾಸನೆ, ಗೋಡೆಯಾಚೆ ‘ಧಡ್, ಧಡ್’ ಎನ್ನುವ ಪ್ರೆಸ್ಸುಗಳು. ಆ ಪ್ರೆಸ್ಸಿನ ತಾಳಕ್ಕೇ ನಾವು ಹೆಜ್ಜೆ ಹಾಕುತ್ತಿದ್ದೆವು. ಸಮಯ ನೋಡುವುದಕ್ಕೆ ನನ್ನ ತಂದೆಯ ಎಚ್.ಎಂ.ಟಿ. ಗಡಿಯಾರ. 1961ರಲ್ಲಿ ನಮ್ಮೂರಿನಲ್ಲಿ ಆರಂಭವಾದ ಆ ಗಡಿಯಾರದ ಉದ್ಯಮ 2016ರಲ್ಲಿ ಮುಚ್ಚಿಹೋಯಿತು. ಕೀಲಿ ಕೊಟ್ಟರೆ ಗಡಿಯಾರ ಮಾತ್ರ ಇನ್ನೂ ಓಡುತ್ತದೆ. ಆರು ಗಂಟೆಯ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಬುತ್ತಿ ಚೀಲ ಹಿಡಿದು ಎದುರಾಗುತ್ತಿದ್ದರು. ಹನ್ನೆರಡು ಗಂಟೆ ನಿಂತು ಬಂದವರು, ಬೇಕೆಂದೇ ದಣಿಯುತ್ತಿದ್ದ ನಮ್ಮನ್ನು ಕುತೂಹಲದಿಂದ ನೋಡುವರು. ಆಗ ನನಗೆ ಏಕೋ ತಲೆ ತಗ್ಗಿಸುವಂತಾಗುತ್ತಿತ್ತು.

ಒಂದು ದಿನ ಮಗ ಕೇಳಿದ: ‘ಓಟ ಮುಗಿಸಿದರೆ ಅವರು ಪದಕ ಕೊಡ್ತಾರೆ. ನೀನೇನು ಕೊಡ್ತೀಯ?’ ಏದುಸಿರಿನಲ್ಲಿದ್ದೆ. ಏಳನೆಯ ತರಗತಿಯ ಮಗಳು ಹಿಂದಿನ ರಾತ್ರಿ ಗಟ್ಟಿಯಾಗಿ ಓದುತ್ತಿದ್ದ ಭೂಗೋಳದ ಪಾಠ ಬಾಯಿಗೆ ಬಂದು, ‘ಒಂದು ದ್ವೀಪಕ್ಕೆ ಕರಕೊಂಡು ಹೋಗ್ತೀನಿ. ಅಲ್ಲೇ ಡೇರೆ ಹಾಕಿ ಒಂದು ರಾತ್ರಿ ಇರೋಣ’ ಎಂದುಬಿಟ್ಟೆ. ಮಕ್ಕಳು ಅಂಡಮಾನೆಂದು ತಿಳಿದರು. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕ ತೆಗೆದಾಗ ಅಂಡಮಾನು ನನ್ನಿಂದ ಇನ್ನೂ ದೂರ ಸರಿದಂತೆ ಕಂಡಿತು. ‘ಶಿವನಸಮುದ್ರಕ್ಕೆ ಹೋಗೋಣ’ ಎಂದೆ. ‘ಅದು ಜಲಪಾತ ಅಲ್ವಾ?’ ಎಂದಳು ಮಗಳು. ‘ಕಾವೇರಿ ಎರಡಾಗಿ ಒಡೆದು ಮತ್ತೆ ಸೇರುತ್ತಾಳೆ. ನಡುವೆ ಇರುವ ನೆಲ ದ್ವೀಪವಲ್ಲದೆ ಇನ್ನೇನು? ನಿನ್ನ ಪುಸ್ತಕವನ್ನೇ ನೋಡು. ಮೇಲಾಗಿ ಹೆಸರಿನಲ್ಲಿ ಸಮುದ್ರವೂ ಇದೆ’ ಎಂದು ವಕೀಲನಂತೆ ವಾದಿಸಿ ಗೆದ್ದೆ.

ಎಪ್ರಿಲ್ 27ರ ಭಾನುವಾರ ಓಟವೂ ಆಯಿತು. ಮಗ 56 ನಿಮಿಷಕ್ಕೆ ಮುಗಿಸಿ ನನಗಾಗಿ ಕಾದು ನಿಂತಿದ್ದ. ನಾನು 1 ಗಂಟೆ 18 ನಿಮಿಷಕ್ಕೆ ಬಂದು ಸೇರಿದೆ. ಇದರಲ್ಲಿ ಹೆಚ್ಚು ಹೇಳುವಂಥದೇನೂ ಇಲ್ಲ. ಎಂಟನೆಯ ಕಿಲೋಮೀಟರಿನಲ್ಲಿ ಒಬ್ಬ ಅಜ್ಜಿ ಸೀರೆಯುಟ್ಟು ನನ್ನನ್ನು ಹಿಂದೆ ಹಾಕಿದರೆಂಬುದನ್ನು ಬಿಟ್ಟರೆ. ಮನೆಗೆ ಬಂದು ಪದಕಗಳನ್ನು ದೇವರ ಮನೆಯ ಮೊಳೆಗೆ ತಗುಲಿಹಾಕಿದೆವು. ನನ್ನಾಕೆ ಅವುಗಳನ್ನು ಸರಿಸಿ ದೀಪ ಹಚ್ಚಿದಳು.

ಮೇ ತಿಂಗಳ ಮೊದಲ ಶನಿವಾರ ಹೊರಟೆವು. ಮಳವಳ್ಳಿಯವರೆಗೆ ಸಾರಿಗೆ ಬಸ್ಸು, ಅಲ್ಲಿಂದ ಬಾಡಿಗೆ ಗಾಡಿ. ನಮ್ಮ ಕಾರ್ಖಾನೆಯ ಗೆಳೆಯರೊಬ್ಬರ ಸಂಬಂಧಿಕರ ತೆಂಗಿನ ತೋಟ ದ್ವೀಪದಲ್ಲಿತ್ತು. ಹೊಳೆಯಿಂದ ದೂರ, ಎತ್ತರದಲ್ಲಿ. ನೀರಿಗೆ ಇಳಿಯಕೂಡದೆಂಬುದು ಅವರ ಕಟ್ಟುನಿಟ್ಟಾದ ಷರತ್ತು; ನೋಡಲು ಸಾಧುವಾದ ಮಡುಗಳಲ್ಲಿ ಎಷ್ಟೋ ಜನ ಮುಳುಗಿ ಹೋಗಿದ್ದಾರಂತೆ. ಹಳೆಯ ಕಲ್ಲು ಸೇತುವೆಯ ಕಂಬಗಳನ್ನು ನೋಡಿದೆವು. ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು 19ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು. ಉದ್ದನೆಯ ಒರಟು ಕಲ್ಲುಗಳನ್ನು ನೆಟ್ಟು ನಿಲ್ಲಿಸಿದ ಆ ಕೆಲಸ ಎಷ್ಟೋ ಪ್ರವಾಹಗಳನ್ನು ತಾಳಿಕೊಂಡಿತ್ತು. ಮಧ್ಯರಂಗನ ದರ್ಶನವಾಯಿತು. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಮೂರು ಕಡೆಯೂ ಸ್ವಾಮಿ ಕಾವೇರಿಯ ದ್ವೀಪವನ್ನೇ ಹುಡುಕಿ ಮಲಗಿದ್ದಾನೆ. ದ್ವೀಪದಲ್ಲಿ ಬಿಡಾರ ಹೂಡುವ ಆಲೋಚನೆ ನನ್ನದೇ ಮೊದಲಲ್ಲವೆಂದು ತಿಳಿದು ಹೆಮ್ಮೆ ಸ್ವಲ್ಪ ಇಳಿಯಿತು.

ಬೇಸಗೆಯಾದ್ದರಿಂದ ಗಗನಚುಕ್ಕಿ, ಭರಚುಕ್ಕಿಗಳು ಬಂಡೆಯ ಮೇಲೆ ಎಳೆದ ಬಿಳಿಯ ದಾರಗಳಂತಿದ್ದವು. ‘ನೀರೆಲ್ಲ ಎಲ್ಲಿ ಹೋಯ್ತು?’ ಎಂದು ಮಗಳು ಕೇಳಿದಳು. ‘ಒಂದಿಷ್ಟು ನಮ್ಮ ಮನೆಗೇ ಬಂದಿದೆ’ ಎಂದೆ. ತಮಾಷೆಯ ಮಾತಲ್ಲ. ಈ ಹೊಳೆಯ ನೀರು ಇಲ್ಲಿಗೆ ಹತ್ತಿರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. 1974ರಲ್ಲಿ ಮೊದಲ ಹಂತ, 2024ರಲ್ಲಿ ಐದನೆಯ ಹಂತ. ವಿದ್ಯುತ್ತಿನ ಕಥೆ ಇನ್ನೂ ಹಳೆಯದು. 1902ರಲ್ಲಿ ಇಲ್ಲಿಯ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರು ತಂತಿ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹತ್ತಿಕೊಂಡವು. ನೂರಿಪ್ಪತ್ತು ವರ್ಷಗಳಿಂದ ಈ ದ್ವೀಪದ ಹೊಳೆ ನಮ್ಮೂರಿಗಾಗಿ ದುಡಿಯುತ್ತಲೇ ಇದೆ. ನಾವು ಗುಂಡಿ ಒತ್ತುತ್ತೇವೆ, ನಲ್ಲಿ ತಿರುಗಿಸುತ್ತೇವೆ, ಅಷ್ಟೆ. ನಾನು ಈ ಉಪನ್ಯಾಸವನ್ನು ಬಹಳ ಚೆನ್ನಾಗಿ ಮಾಡಿದೆನೆಂದು ಕಾಣುತ್ತದೆ. ಮುಗಿದ ಮೇಲೆ ನನ್ನಾಕೆ ಒಂದು ಸಲ ನನ್ನ ಮುಖ ನೋಡಿ ನಕ್ಕಳು. ಆ ನಗೆಯ ಅರ್ಥ ಆಗ ತಿಳಿಯಲಿಲ್ಲ.

ಸಂಜೆ ಡೇರೆ ಕಟ್ಟಿದೆವು. ಎರಡು ಸಲ ಬಿತ್ತು. ಮೂರನೆಯ ಸಲ ತೋಟದ ಆಳು ಬಂದು ಕಟ್ಟಿಕೊಟ್ಟ. ನಾನು ಉತ್ಸಾಹದಿಂದ ಮೂರು ಕಲ್ಲು ಹೂಡಿ, ತೆಂಗಿನ ಗರಿ, ಒಣ ಕಾಯಿಚಿಪ್ಪು ತಂದು ಒಟ್ಟಿ, ಬೆಂಕಿ ಹಚ್ಚಿ, ಕೈ ಕೊಡವಿಕೊಂಡು ಕುಳಿತೆ. ಮಕ್ಕಳೂ ಕುಳಿತರು. ಮೂವರೂ ಏನೂ ಯೋಚಿಸದೆ ಅವಳ ಕಡೆಗೆ ನೋಡಿದೆವು. ಅವಳು ಚೀಲದಿಂದ ಅಕ್ಕಿಯ ಗಂಟು ತೆಗೆಯುತ್ತ, ‘ಬಹುಮಾನ ಅಂದಿರಿ. ಒಲೆ ಮಾತ್ರ ಬದಲಾಯ್ತು ನೋಡಿ’ ಎಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡಬಹುದಾಗಿತ್ತು.

ಹದಿನಾರು ವಾರ, ವಾರಕ್ಕೆ ಮೂರು ದಿನ, ನಮಗಿಂತ ಅರ್ಧ ಗಂಟೆ ಮೊದಲು ಎದ್ದು ರಾಗಿ ಗಂಜಿ ಕಾಸಿದವಳು ಅವಳು. ನಾವು ಬರುವಷ್ಟರಲ್ಲಿ ಬಿಸಿನೀರು ಕಾಯಿಸಿಟ್ಟವಳು ಅವಳು. ಮಗ ಎದ್ದು ಬಂದು ಅಕ್ಕಿಯ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡ. ‘ಅಮ್ಮ, ನೀನು ಹೋಗಿ ಆ ಬಂಡೆ ಮೇಲೆ ಕೂತ್ಕೊ’ ಎಂದ. ಅವಳು ‘ನಿಮಗೆ ಬರೋಲ್ಲ ಬಿಡ್ರೋ’ ಎಂದಳು, ಅನುಮಾನಿಸಿದಳು, ಆಮೇಲೆ ನಿಜವಾಗಿಯೂ ಹೋದಳು. ನಾವು ಮಾಡಿದ ಅನ್ನ ತಳದಲ್ಲಿ ಸೀದು ಮೇಲೆ ಅಕ್ಕಿಯಾಗಿಯೇ ಉಳಿಯಿತು. ಅವಳೇ ತಂದಿದ್ದ ಪುಳಿಯೋಗರೆ ಗೊಜ್ಜು ನಮ್ಮ ಮಾನ ಕಾಪಾಡಿತು.

ರಾತ್ರಿ ಮಕ್ಕಳು ಮಲಗಿದ ಮೇಲೆ ನಾನೂ ಹೋಗಿ ಬಂಡೆಯ ಮೇಲೆ ಕುಳಿತೆ. ಹೊಳೆಯ ಸದ್ದು ಸಣ್ಣಗೆ ಬರುತ್ತಿದ್ದಿತು. ಬಹಳ ಹೊತ್ತಿನ ಮೇಲೆ ಅವಳು, ‘ಪ್ರೆಸ್ಸಿನ ಸದ್ದು ಇಲ್ಲ, ಅಲ್ವಾ?’ ಎಂದಳು. ‘ನಿನಗೆ ಮನೆಗೆ ಕೇಳಿಸುತ್ತಿತ್ತೇ?’ ಎಂದೆ. ನಮ್ಮ ಮನೆ ಅಷ್ಟು ದೂರವಿದೆ. ಹಗಲು ಏನೂ ಕೇಳಿಸುವುದಿಲ್ಲ.

‘ರಾತ್ರಿ ಮೂರು ಗಂಟೆಗೆ ಕೇಳಿಸುತ್ತೆ’ ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದು 2024ರ ಮಳೆಗಾಲದಲ್ಲಿ ತೀರಿಕೊಂಡರು. ಅಂಥ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅಮ್ಮನ ಬೆನ್ನಿನಲ್ಲಿ ಕೊನೆಯವರೆಗೆ ಒಂದು ಹುಣ್ಣೂ ಆಗಲಿಲ್ಲ. ನೋಡಲು ಬಂದವರೆಲ್ಲ ಅದನ್ನು ಹೊಗಳುತ್ತಿದ್ದರು, ನಾನೂ ತಲೆದೂಗುತ್ತಿದ್ದೆ. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿ ಹನ್ನೊಂದು, ಒಂದು, ಮೂರು, ಐದು ಎಂದು ಲೆಕ್ಕ ಬರೆಯುವ ನಾನು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ನಿದ್ದೆ ಮಾಡುತ್ತಿದ್ದೆ.

‘ಮೂರು ಗಂಟೆಗೆ ಅತ್ತೆಯವರನ್ನ ಮಗ್ಗುಲು ಮಾಡಿ ತಾರಸಿಗೆ ಹೋಗ್ತಿದ್ದೆ. ಹತ್ತು ನಿಮಿಷ ನಿಂತ್ಕೊಂಡು ಆ ಸದ್ದು ಕೇಳ್ತಿದ್ದೆ. ಇನ್ನೂ ಯಾರೋ ಎದ್ದಿದ್ದಾರಲ್ಲ ಅನ್ನಿಸೋದು’ ಎಂದಳು. ಸ್ವಲ್ಪ ತಡೆದು, ‘ಇವತ್ತು ಸಂಜೆ ಒಂದು ಗಂಟೆ ಹೊತ್ತು ಯಾರೂ ಕರೀಲಿಲ್ಲ ರೀ. ಎದ್ದು ಹೋಗಬೇಕೇನೋ, ಏನೋ ಮರೆತಿದೀನೇನೋ ಅಂತ ಎರಡು ಸಲ ಅನ್ನಿಸಿತು’ ಎಂದಳು.

ಏನು ಹೇಳಬೇಕೆಂದು ತೋರಲಿಲ್ಲ. ತಾಳಿ ಕಟ್ಟಿದವನು ನಾನು, ತಾಳಿದವಳು ಅವಳು. ಮಾತು ಚಮತ್ಕಾರವಾಗಿದೆ, ಬೇರೆ ಸಮಯದಲ್ಲಾದರೆ ಆಡಿ ನಗಿಸುತ್ತಿದ್ದೆ. ಆ ಹೊತ್ತು ಬಾಯಿಗೆ ಬರಲಿಲ್ಲ. ‘ನನ್ನನ್ನ ಎಬ್ಬಿಸಬಾರದಾಗಿತ್ತೇ?’ ಎಂದೆ. ‘ಎರಡು ಸಲ ಎಬ್ಬಿಸಿದೆ. ಮೂರನೇ ಸಲದಿಂದ ಬಿಟ್ಟೆ’ ಎಂದಳು. ಇದರಲ್ಲಿಯೂ ಸಿಟ್ಟಿರಲಿಲ್ಲ. ನನಗೆ ಎಬ್ಬಿಸಿದ್ದೇ ನೆನಪಿಲ್ಲ.

ಬೆಳಿಗ್ಗೆ ದೂರದ ಬಂಡೆಗಳ ನಡುವೆ ನಾಲ್ಕೈದು ನೀರುನಾಯಿಗಳು ಮೀನು ಹಿಡಿಯುತ್ತಿದ್ದವು. ಮಕ್ಕಳನ್ನು ಕರೆದು ತೋರಿಸಿದೆ. ಅವಳನ್ನು ಎಬ್ಬಿಸಲಿಲ್ಲ. ಎಂಟು ಗಂಟೆಯಾಗಿದ್ದರೂ ಡೇರೆಯಲ್ಲಿ ಮಲಗಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಆ ಹೊತ್ತಿನಲ್ಲಿ ಅವಳು ಮಲಗಿದ್ದುದನ್ನು ನಾನು ನೋಡಿರಲಿಲ್ಲ. ಮಗನೂ ನಾನೂ ಒಲೆ ಹೊತ್ತಿಸಿ ಕಾಫಿ ಕಾಸಿದೆವು. ಹೊಗೆಯ ವಾಸನೆ ಹತ್ತಿತ್ತು. ಅವಳು ಕುಡಿದು ‘ಪರವಾಗಿಲ್ಲ’ ಎಂದಳು. ಪದಕ ಕೊರಳಿಗೆ ಬಿದ್ದಾಗ ಇಷ್ಟು ಸಂತೋಷವಾಗಿರಲಿಲ್ಲ.

ಈಗಲೂ ನಾವು ಓಡುತ್ತಿದ್ದೇವೆ. ಸಕ್ಕರೆ ಗಡಿಯಿಂದ ಒಂದಿಷ್ಟು ಹಿಂದಕ್ಕೆ ಸರಿದಿದೆ. ಗಂಜಿಯನ್ನು ಮಾತ್ರ ನಾನೇ ಕಾಸುತ್ತೇನೆ. ಮೊದಲ ವಾರ ಗಂಟುಗಂಟಾಯಿತು, ಈಗ ಇಲ್ಲ. ಅವಳು ಮಲಗಿರುತ್ತಾಳೆಂದು ತಿಳಿದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತೇವೆ. ಒಮ್ಮೊಮ್ಮೆ ಒಳಗಿನಿಂದ ‘ಒಲೆ ಆರಿಸಿದ್ರಾ?’ ಎಂಬ ದನಿ ಬರುತ್ತದೆ. ಅಷ್ಟು ವರ್ಷದ ಎಚ್ಚರ ಹದಿನಾರು ವಾರದಲ್ಲಿ ಹೋಗುವಂಥದಲ್ಲ.