ಗೋಲು ಹೊಡೆಯದ ಮಗ

ನಮ್ಮ ಮುಳ್ಳೂರಿನ ಕಡೆ ಹುಡುಗರು ಆಡುವುದು ಕಬಡ್ಡಿ, ಇಲ್ಲವೇ ಕ್ರಿಕೆಟ್. ನನ್ನ ಎರಡನೆಯ ಮಗ ಮಾತ್ರ ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗಿ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದ. ಈಗ ಇಪ್ಪತ್ತೆರಡು ವರ್ಷ. ಹೋದ ವರ್ಷ ಬೆಂಗಳೂರಿನ ಒಂದು ಕ್ಲಬ್ಬಿಗೆ ಸಂಬಳಕ್ಕೆ ಆಡಿದ. "ಎಷ್ಟು ಗೋಲು ಹೊಡೆದ ನಿಮ್ಮ ಮಗ?" ಅಂತ ಕೇಳದ ನೆಂಟರಿಲ್ಲ. ಒಂದೂ ಇಲ್ಲ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವನು ಆಡುವುದು ಬ್ಯಾಕ್. "ಅವ್ವ, ನಾನು ಗೋಲು ಹೊಡಿಯೋನಲ್ಲ, ಹೊಡೀದಂಗೆ ತಡಿಯೋನು" ಅಂತಾನೆ. ಎದುರಾಳಿ ಚೆಂಡು ತರುವಾಗ ಅವನ ಕಣ್ಣು, ಕಾಲು ನೋಡಬಾರದಂತೆ, ಸೊಂಟ ನೋಡಬೇಕಂತೆ. ಕಣ್ಣು, ಕಾಲು ಮೋಸ ಮಾಡುತ್ತವೆ, ಸೊಂಟ ಮಾಡುವುದಿಲ್ಲ!

ಹೊಲಕ್ಕೆ ಬೇಲಿ ಇದ್ದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಬೆಳೆ ಚೆನ್ನಾಗಿ ಬಂದರೆ ಬೇಲಿಯನ್ನು ಹೊಗಳುವವರುಂಟೇ? ದನ ನುಗ್ಗಿದ ದಿನ ಮಾತ್ರ ಎಲ್ಲರ ಕಣ್ಣೂ ಅದರ ಮೇಲೆ.

ಹೆಸರು ಬರದಿದ್ದರೆ ಹೋಗಲಿ, ಹೊಟ್ಟೆ ತುಂಬುತ್ತದೆಯೇ? ನೀವೂ ಮಕ್ಕಳೊಂದಿಗರು, ನಿಮಗೂ ಮೊದಲು ಬರುವ ಯೋಚನೆ ಅದೇ ತಾನೆ?

ನಮ್ಮ ರಾಜ್ಯದ ಕೆಂಪಯ್ಯನವರು ಹಾಫ್‌ಬ್ಯಾಕ್ ಆಡುತ್ತಿದ್ದರು. ಕಲ್ಕತ್ತಾದ ಮೋಹನ್ ಬಾಗಾನ್‌ಗೆ ಆಡಿದರು. 1956ರ ಮೆಲ್ಬೋರ್ನ್, 1960ರ ರೋಮ್, ಎರಡೂ ಒಲಿಂಪಿಕ್ಸಿಗೆ ಹೋದರು. ಮೆಲ್ಬೋರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಅವರನ್ನು ಆಟ ಬಲ್ಲವರು ಈಗಲೂ ನೆನೆಯುತ್ತಾರೆ. ಕೆಂಪಯ್ಯ ಯಾರು ಅಂತ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡಿ!

ಹಿಂದಿನವರಿಗೆ ಒಂದು ಆಸರೆಯಾದರೂ ಇತ್ತು. ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳೇ ತಂಡ ಕಟ್ಟಿ, ಆಟಗಾರರಿಗೆ ಕೆಲಸ ಕೊಡುತ್ತಿದ್ದವು. ಕಾಲು ಸೋತರೂ ಕೆಲಸ ಉಳಿಯುತ್ತಿತ್ತು. ಕ್ಲಬ್ಬಿನ ಸಂಸಾರ ಹಾಗಲ್ಲ. ಹೆಸರಿನಲ್ಲೇ ನಂಜನಗೂಡನ್ನು ಇಟ್ಟುಕೊಂಡ ಎನ್.ಎಸ್. ಮಂಜು, ನಮ್ಮ ಸೀಮೆಯವರೇ ಅನ್ನಿ, ಬ್ಯಾಕ್ ಆಟಗಾರರು. ಮುಂಬಯಿಯ ಮಹೀಂದ್ರ ಯುನೈಟೆಡ್‌ಗೆ ಆಡಿದವರು. 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿದ್ದ ಆ ತಂಡವನ್ನು 2010ರಲ್ಲಿ ಕಂಪನಿಯೇ ಮುಚ್ಚಿಬಿಟ್ಟಿತು. 2025ರ ಆಗಸ್ಟ್‌ನಲ್ಲಂತೂ, ದೇಶದ ದೊಡ್ಡ ಲೀಗನ್ನು ನಡೆಸುವ ಒಪ್ಪಂದ ಇತ್ಯರ್ಥವಾಗದೆ, ಬೆಂಗಳೂರು ಎಫ್.ಸಿ.ಯಂಥ ಕ್ಲಬ್ಬೇ ಮುಖ್ಯ ತಂಡದ ಸಂಬಳ ತಡೆಹಿಡಿಯಿತು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ಚಿಕ್ಕವರದ್ದು ಕೇಳಬೇಕೆ?

ನಮ್ಮ ಹುಡುಗನಿಗೆ ಹೋದ ವರ್ಷ ತಿಂಗಳಿಗೆ 12,000 ರೂಪಾಯಿ ಮಾತಾಗಿತ್ತು. ಕೊನೆಯ ಎರಡು ತಿಂಗಳದ್ದು ಇವತ್ತಿಗೂ ಬಂದಿಲ್ಲ. ನಡುವೆ ಪಾದದ ಕೀಲು ತಿರುಚಿಕೊಂಡು ಮನೆಗೆ ಬಂದ. ಸ್ಕ್ಯಾನಿಂಗ್, ಔಷಧಿ ಎಲ್ಲಕ್ಕೂ ರೇಷ್ಮೆಗೂಡು ಮಾರಿದ ನನ್ನ ದುಡ್ಡೇ ಹೋಯಿತು. ಗಾಯವಾದರೆ ಖರ್ಚು ಯಾರದು ಅಂತ ಒಪ್ಪಂದದ ಕಾಗದದಲ್ಲಿ ಒಂದು ಅಕ್ಷರವೂ ಇರಲಿಲ್ಲ ಕಣ್ರೀ. ಕೆಲಸವೇ ಕಾಲಿಂದ ಮಾಡುವವನಿಗೆ!

ಈ ಸಲ ಕೇರಳದ ಒಂದು ಕ್ಲಬ್ಬು ಕರೆದಿದೆ. ಹತ್ತು ತಿಂಗಳ ಒಪ್ಪಂದ, ಊಟ ವಸತಿ ಅವರದೇ. ಅದರಲ್ಲೂ ಗಾಯದ ಮಾತಿಲ್ಲ. ಬರೆಸಿಕೋ ಅಂದೆ. "ಜಾಸ್ತಿ ಕೇಳಿದ್ರೆ ಬೇರೆಯೋನ್ನ ಕರ್ಕೋತಾರೆ, ಸುಮ್ನಿರು" ಅಂತ ನಮ್ಮ ಯಜಮಾನರು ಗದರಿದರು. ನಾನು ಸುಮ್ಮನಿರಲಿಲ್ಲ. ಆಟಗಾರ ಅಂತ ಮುದ್ದು ಮಾಡಿ ಕೂರಿಸಿದರೆ ಮೂವತ್ತೈದಕ್ಕೆ ಆಟ ಮುಗಿಯುತ್ತದೆ, ಆಮೇಲಿನ ಸಂಸಾರ ನಡೆಯಬೇಡವೇ? ಬಿ.ಕಾಂ. ಕೊನೆಯ ವರ್ಷದ ಪುಸ್ತಕಗಳನ್ನು ಬ್ಯಾಗಿಗೆ ನಾನೇ ತುಂಬಿದ್ದೇನೆ. ರೈಲ್ವೆಯಲ್ಲಿ, ಪೊಲೀಸಿನಲ್ಲಿ ಕ್ರೀಡಾ ಕೋಟಾದ ಕೆಲಸಗಳಿಗೆ ಕರೆದಾಗ ಅರ್ಜಿ ಹಾಕಲು ಸರ್ಟಿಫಿಕೇಟುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟೆ. ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದರೆ ಪದಕದ ಜೊತೆ ಆ ಕಾಗದಗಳನ್ನೂ ಜೋಪಾನ ಮಾಡಿ, ಇಲಿ ಕಡಿಯದ ಹಾಗೆ.

ಮಗ ಹೋದ ವಾರ ಅವರಿಗೆ ಫೋನ್ ಮಾಡಿ ಕೇಳಿಯೇ ಬಿಟ್ಟ. ತಿದ್ದಿ ಕಳಿಸುತ್ತೇವೆ ಅಂದರಂತೆ. ತಿದ್ದಿದ ಕಾಗದ ಇನ್ನೂ ಬಂದಿಲ್ಲ. ಬರುವವರೆಗೆ ರೈಲಿನ ಟಿಕೆಟ್ ತೆಗೀಬೇಡ ಅಂದಿದ್ದೇನೆ.